ಹಳ್ಳದ ಸ್ಟ್ರೀಮ್ ರೂಬಿ: ಗುರುತು ಹಿಡಿಯೋದು, ಲೆಕ್ಕ ಇಡೋದು

ತೀರ್ಥಹಳ್ಳಿ ಕಡೆ ತೋಟದ ಕೆಳಗಿನ ಯಾವ ಹಳ್ಳಕ್ಕಾದರೂ ಹೋಗಿ, ನೀರಿಗೆ ಬಿಸಿಲು ಬೀಳೋ ಹೊತ್ತಿಗೆ ಸುಮ್ನೆ ಕೂತ್ಕೊಳ್ಳಿ. ಕಪ್ಪು ಹುಳವೊಂದು ಬಂದು ಕಲ್ಲಿನ ಮೇಲೆ ಕೂರುತ್ತದೆ. ಅದು ಸ್ವಲ್ಪ ತಿರುಗಿದ್ದೇ ತಡ, ಕಪ್ಪು ರೆಕ್ಕೆಯೊಳಗಿಂದ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬಿನ ಹೊಳಪು! ಅದೇ ಸ್ಟ್ರೀಮ್ ರೂಬಿ ಗಂಡು.

ಇದು ಏರೋಪ್ಲೇನ್ ಚಿಟ್ಟೆಯ ಬಳಗದ ಡ್ಯಾಮ್ಸೆಲ್‌ಫ್ಲೈ. ಕೂತಾಗ ರೆಕ್ಕೆ ಬೆನ್ನ ಮೇಲೆ ಮಡಚಿರುತ್ತದೆ, ಎರಡು ಕಣ್ಣು ದೂರ ದೂರ. ಆಮೇಲೆ ಬಾಲ ನೋಡಿ (ನಿಜಕ್ಕೂ ಅದು ಹೊಟ್ಟೆ). ಉಳಿದ ಬಹುತೇಕ ಡ್ಯಾಮ್ಸೆಲ್‌ಗಳದ್ದು ಕಡ್ಡಿ ಹಾಗೆ ಉದ್ದ, ಇದರದ್ದು ಮೋಟು, ರೆಕ್ಕೆಗಿಂತ ಗಿಡ್ಡ. ಪಕ್ಕದಿಂದ ನೋಡಿದರೆ ಮೂಗು ಉಬ್ಬಿದ ಹಾಗಿದೆ. ಮೋಟು ಬಾಲ, ಉಬ್ಬು ಮೂಗು ಇದೇ ಬಳಗದ ರಿವರ್ ಹೀಲಿಯೋಡೋರ್‌ಗೂ ಇದೆ, ಆದರೆ ಅದರ ಗಂಡು ಹಳದಿ-ಕಪ್ಪು, ರೆಕ್ಕೆ ಬಹುತೇಕ ಗಾಜಿನ ಹಾಗೆ. ರೂಬಿಯ ಹೆಣ್ಣಿಗೆ ತಾಮ್ರದ ಹೊಳಪಿಲ್ಲ. ಆಗಷ್ಟೇ ನೀರಿಂದೆದ್ದ ಗಂಡಿಗೂ ಬಣ್ಣ ತುಂಬಿರುವುದಿಲ್ಲ, ಮೊದಮೊದಲು ನಾನು ಅವನ್ನೆಲ್ಲ ಹೆಣ್ಣು ಅಂತಲೇ ಬರೆದಿಟ್ಟಿದ್ದೆ.

ಹಿಡಿಯೋಕೆ ಹೋಗಬೇಡಿ. ಪಕ್ಕದಿಂದ ಒಂದು, ಮೇಲಿಂದ ಒಂದು ಫೋಟೋ ತೆಗೆದು, ತಾರೀಕು, ಜಾಗದ ಜೊತೆ ಇಂಥ ಫೋಟೋ ದಾಖಲಿಸೋ ವೆಬ್‌ಸೈಟ್‌ಗಳಾದ ಐನ್ಯಾಚುರಲಿಸ್ಟ್‌ಗೋ ಒಡೊನಾಟಾ ಆಫ್ ಇಂಡಿಯಾಕ್ಕೋ ಹಾಕಿ.

ಇನ್ನು ಇದರ ಸ್ಥಿತಿಗತಿ. ಯಾವ ಜೀವಿಗೆ ಅಳಿವಿನ ಭಯ ಎಷ್ಟಿದೆ ಅಂತ ಹೇಳುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ವೈಜ್ಞಾನಿಕ ಹೆಸರಿನಿಂದಲೇ ಹುಡುಕಿ: ಹೀಲಿಯೋಸೈಫಾ ಬೈಸಿಗ್ನೇಟಾ. ಹಳೇ ಪುಸ್ತಕಗಳಲ್ಲಿ ರೈನೋಸೈಫಾ ಅಂತಿರುತ್ತದೆ, ಎರಡೂ ಒಂದೇ. ಪಟ್ಟಿಯ ಪ್ರಕಾರ ಇದು ‘ಲೀಸ್ಟ್ ಕನ್ಸರ್ನ್’, ಅಂದರೆ ಸದ್ಯಕ್ಕೆ ಅಳಿವಿನ ಭಯವಿಲ್ಲ. ಅಲ್ಲಿಗೇ ಪುಟ ಮುಚ್ಚಬೇಡಿ, ಯಾವ ವರ್ಷ ಅಂದಾಜು ಮಾಡಿದ್ದು, ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಕೆಳಗೆ ಇರುವುದನ್ನೂ ಓದಿ. ಅದು ಇದರ ಇಡೀ ನೆಲೆಗೆ ಕೊಟ್ಟ ಅಂಕ, ನಿಮ್ಮ ಹಳ್ಳಕ್ಕಲ್ಲ ಅಲ್ವಾ?

ಹಳ್ಳದ ಲೆಕ್ಕ ನೀವೇ ಇಡಬೇಕು. 100 ಮೀಟರ್ ಗುರುತು ಮಾಡಿಕೊಳ್ಳಿ. ಮಳೆ ಬಿಟ್ಟ ಮೇಲೆ ತಿಂಗಳಿಗೊಮ್ಮೆ, ಬಿಸಿಲಿರುವ ದಿನ, ಅದೇ ಹೊತ್ತಿಗೆ ನಡೆದು ಗಂಡುಗಳನ್ನು ಎಣಿಸಿ. ಒಂದೂ ಕಾಣದಿದ್ದರೆ ಸೊನ್ನೆ ಅಂತ ಬರೆಯಿರಿ, ಅದನ್ನೇ ಜನ ಬಿಡೋದು ಜಾಸ್ತಿ. ಯಾರಾದರೂ ಪಂಪ್ ಇಟ್ಟರಾ, ಅಡಿಕೆಗೆ ಕೊಳೆ ಔಷಧಿ ಹೊಡೆದ ಡ್ರಮ್ ಹಳ್ಳದಲ್ಲೇ ತೊಳೆದರಾ, ಅದನ್ನೂ ಬರೆದಿಡಿ. ಆ ಔಷಧಿಯಲ್ಲಿರುವ ಮೈಲುತುತ್ತ (ತಾಮ್ರದ ಸಲ್ಫೇಟ್) ನೀರೊಳಗಿನ ಮರಿಗಳಿಗೆ ವಿಷ, ನಮ್ಮ ಮನೆಯಲ್ಲೂ ಮೊದಲು ಹಾಗೇ ತೊಳೆಯುತ್ತಿದ್ದೆವು. ಹಾಂ, ಹಳ್ಳಕ್ಕೆ ಬಿದ್ದ ಲಡ್ಡು (ಕೊಳೆತ) ಮರವನ್ನು ಕ್ಲೀನ್ ಮಾಡ್ತೀನಿ ಅಂತ ಎಳೆದು ಹಾಕಬೇಡಿ, ಹೆಣ್ಣು ಮೊಟ್ಟೆ ಇಡೋದು ಅದರಲ್ಲೇ.