ಕುಮಟಾ ಬರುವವರೆಗೆ ಒಂದು ಪುಸ್ತಕ

ನಾನಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಊರು ಕುಮಟಾ. ವರ್ಷಕ್ಕೆ ಮೂರ್ನಾಲ್ಕು ಸಲ ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತುತ್ತೇನೆ. ಮಧ್ಯಾಹ್ನ ಹತ್ತಿದರೆ ಕುಮಟಾ ಬರುವುದು ನಡುರಾತ್ರಿ ದಾಟಿದ ಮೇಲೆ, ಇನ್ನೂ ಕತ್ತಲಿರುವಾಗ. ಕಷ್ಟ ಇರುವುದೇ ಅಲ್ಲಿ. ಒಂದು ಸಲ ಹಾಯಾಗಿ ನಿದ್ದೆ ಹೋಗಿ ಭಟ್ಕಳದಲ್ಲಿ ಇಳಿದು, ಬಸ್ ಹಿಡಿದು ವಾಪಸ್ ಬಂದಿದ್ದೇನೆ. ಆಮೇಲೆಯೇ ಚೀಲಕ್ಕೆ ಪುಸ್ತಕ ಸೇರಿದ್ದು. ಹೊತ್ತು ಕಳೆಯಲಿಕ್ಕೆ ಅಂತ ಮನೆಯಲ್ಲಿ ಹೇಳುತ್ತೇನೆ. ನಿಜವಾಗಿ ಅದು ಎಚ್ಚರ ಇರಲಿಕ್ಕೆ.

1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾಗುವ ಮೊದಲು ನಮಗೆ ಬಸ್ಸೇ ಗತಿ. ಬಸ್ಸಿನಲ್ಲಿ ನಾಲ್ಕು ಸಾಲು ಓದಿದರೆ ನನಗೆ ಹೊಟ್ಟೆ ತೊಳಸುತ್ತದೆ. ರೈಲಿನಲ್ಲಿ ಆ ರಗಳೆ ಇಲ್ಲ.

ಮೊದಮೊದಲು ದಪ್ಪ ದಪ್ಪ ಕಾದಂಬರಿ ಒಯ್ಯುತ್ತಿದ್ದೆ. ಮನೆಯಲ್ಲಿ ಓದಲಾಗದ್ದನ್ನು ರೈಲಿನಲ್ಲಾದರೂ ಮುಗಿಸೋಣ ಅಂತ. ಆಗಲಿಲ್ಲ. ಪನ್ವೇಲ್ ಬಂದರೆ ಜನ, ಜನ ಹೋದರೆ ಚಹಾದವನು, ಚಹಾದವನು ಹೋದರೆ ಸೀಟು ಬದಲಿಸಿಕೊಳ್ತೀರಾ ಅನ್ನುವವರು. ಒಂದೇ ಪುಟ ಮೂರು ಸಲ ಓದಿದ್ದುಂಟು. ರೋಹಾ ದಾಟಿದರೆ ಸುರಂಗ ಶುರು. ಈ ದಾರಿಯಲ್ಲಿ 90ಕ್ಕೂ ಹೆಚ್ಚು ಸುರಂಗಗಳಿವೆ. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್. ಹಗಲು ಬೋಗಿಯ ಲೈಟು ಹಾಕಿರದಿದ್ದರೆ ಸಾಲಿನ ಮೇಲೆ ಬೆರಳಿಟ್ಟು ಸುಮ್ನೆ ಕೂರುವುದೇ. ಸುರಂಗದೊಳಗೆ ನೆಟ್‌ವರ್ಕ್ ಹೋಗುತ್ತದಲ್ವಾ, ಮೊಬೈಲ್ ನೋಡುತ್ತಿದ್ದವರೆಲ್ಲ ತಲೆ ಎತ್ತಿ ನನ್ನ ಪುಸ್ತಕ ನೋಡುತ್ತಾರೆ. ಅದೊಂದು ಸಣ್ಣ ಖುಷಿ.

ಹಾಗಾಗಿ ಈಗ ರತ್ನಾಗಿರಿವರೆಗೆ ಸಣ್ಣ ಕಥೆಗಳು ಮಾತ್ರ. ಕಥೆ ಅರ್ಧಕ್ಕೆ ನಿಂತರೂ ಮತ್ತೆ ಹಿಡಿಯುವುದು ಸುಲಭ. ತೆಳ್ಳಗಿನ ಕಾದಂಬರಿಯಾದರೆ ತೇಜಸ್ವಿಯವರ 'ಕರ್ವಾಲೊ'. ಎರಡು ಸಲ ಈ ದಾರಿಯಲ್ಲೇ ಓದಿದ್ದೇನೆ. ಹಾರುವ ಓತಿ ಹುಡುಕಿಕೊಂಡು ವಿಜ್ಞಾನಿ ಕರ್ವಾಲೊ ಮತ್ತು ಸಂಗಡಿಗರು ಕಾಡು ಹೊಕ್ಕಾಗ ನನ್ನ ಕಿಟಕಿಯಾಚೆಗೂ ಕಾಡೇ ಇರುತ್ತದೆ.

ಯಶವಂತ ಚಿತ್ತಾಲರ ಕಾದಂಬರಿ 'ಶಿಕಾರಿ'ಯ ವಿಷಯ ಬೇರೆ. ಚಿತ್ತಾಲರು ನಮ್ಮ ತಾಲೂಕಿನ ಹನೇಹಳ್ಳಿಯವರು, ಬದುಕಿದ್ದು ಮುಂಬಯಿಯಲ್ಲಿ. ಈ ಕಾರಣಕ್ಕೇ ಊರಿಗೆ ಹೋಗುವಾಗ ಒಯ್ದೆ. ಓದಲಾಗಲಿಲ್ಲ. ಮುಂಬಯಿ ಬಿಟ್ಟೆನಪ್ಪಾ ಅಂತ ಉಸಿರು ಬಿಡುವ ಹೊತ್ತಿಗೆ ನಾಗಪ್ಪನ ಆಫೀಸು, ಅವನ ಮೇಲಿನ ಅನುಮಾನ, ಪಿತೂರಿ ಯಾರಿಗೆ ಬೇಕು? ವಾಪಸ್ ಬರುವಾಗ ಅದೇ ಪುಸ್ತಕ ಕೆಳಗಿಡಲಾಗಲಿಲ್ಲ. ಸೋಮವಾರದ ಆಫೀಸು ಆಗಲೇ ತಲೆಯೊಳಗೆ ಕೂತಿತ್ತು. ಮುಂಬಯಿಯ ಪುಸ್ತಕ ಮುಂಬಯಿ ಕಡೆ ಬರುವಾಗಲೇ ಓದಬೇಕು ಅಂತ ನನ್ನ ಲೆಕ್ಕ. ಮಳೆಗಾಲದಲ್ಲಿ ಒಂದು ಪುಸ್ತಕ ಜಾಸ್ತಿ, ಆಗ ಈ ದಾರಿಯಲ್ಲಿ ರೈಲಿನ ವೇಗವೇ ಕಡಿಮೆ.

ಬಟ್ಟೆ ಒಣಹಾಕುವ ಕ್ಲಿಪ್ ಎರಡು ಇಟ್ಟುಕೊಳ್ಳಿ. ಕಿಟಕಿ ಗಾಳಿಗೆ ಪುಟ ಪಟಪಟ ಅನ್ನುವುದು ನಿಲ್ಲುತ್ತದೆ. ಹೊದಿಕೆಗೆ ಹಳೆ ಕ್ಯಾಲೆಂಡರ್ ಹಾಳೆ ಸಾಕು. ನನ್ನ ಪುಸ್ತಕಗಳಲ್ಲಿ ವಡಾಪಾವ್ ಎಣ್ಣೆಯ ಹೆಬ್ಬೆಟ್ಟು ಬೇಕಾದಷ್ಟಿವೆ.

ಹತ್ತು ಗಂಟೆಗೆ ಲೈಟು ಆರಿದ ಮೇಲೆ ಒಳ್ಳೆಯ ಸಾಹಿತ್ಯ ನನ್ನನ್ನು ಎಬ್ಬಿಸಿಡುವುದಿಲ್ಲ. ಆಗ ಪತ್ತೇದಾರಿಯೇ ಆಗಬೇಕು. ಪುಸ್ತಕಕ್ಕೆ ಸಿಕ್ಕಿಸುವ ಪುಟ್ಟ ಲೈಟು ಇದೆ, ಯಾರಿಗೂ ತೊಂದರೆ ಇಲ್ಲ.

ಕಳೆದ ದೀಪಾವಳಿಗೆ ಆರ್‌ಎಸಿ ಸೀಟು, ಅಂದರೆ ಒಂದೇ ಬರ್ತಿನಲ್ಲಿ ಇಬ್ಬರು. ಸೈಡ್ ಲೋವರ್‌ನಲ್ಲಿ ಎದುರಿಗೆ ಹೊನ್ನಾವರದ ಒಬ್ಬ ಅಜ್ಜಿ, ಮಗಳ ಮನೆಯಿಂದ ವಾಪಸ್ ಹೊರಟಿದ್ದರು. ನನ್ನ ಕೈಯಲ್ಲಿ ಡೊಂಬಿವಲಿಯ ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕಿದ ಹಳೇ ಕನ್ನಡ ಪತ್ತೇದಾರಿ. ಮೊದಲ ಪುಟದಲ್ಲಿ ಯಾರೋ 'ಮದುವೆಯ ಶುಭ ಹಾರೈಕೆಗಳೊಂದಿಗೆ' ಅಂತ ಬರೆದಿದ್ದರು. ಒಳಗೆ ಮೂರು ಕೊಲೆ.

"ತಮಾ, ಎಂತ ಪುಸ್ತಕ ಅದು?" ಅಂದರು ಅಜ್ಜಿ.

"ಕೊಲೆ ಕಥೆ ಅಜ್ಜಿ."

"ಕೊಂದವ ಯಾರು?"

"ಇನ್ನೂ ಗೊತ್ತಾಗಲಿಲ್ಲ."

ಚಕ್ಕುಲಿ ಡಬ್ಬಿ ಮುಂದಿಟ್ಟು, ಆಗಾಗ ಅದೇ ಪ್ರಶ್ನೆ. ನಾನು ಕಥೆ ಹೇಳುತ್ತಾ ಹೋದೆ. ಅವರಿಗೆ ಮೊದಲಿಂದಲೂ ಡಾಕ್ಟರ ಮೇಲೇ ಅನುಮಾನ. ಮಡಗಾಂವ್ ದಾಟುವಾಗ ಅಜ್ಜಿ ಮುದುಡಿ ಮಲಗಿದ್ದರು. ನಾನು ಪುಟ ತಿರುಗಿಸಿದರೆ ರಟ್ಟು ಬಂತು. ಕೊನೆಯ ಹದಿನಾರು ಪುಟ, ಒಟ್ಟಿಗೆ ಮಡಚಿ ಹೊಲಿಯುವ ಒಂದಿಡೀ ಫಾರಂ, ಇಲ್ಲವೇ ಇಲ್ಲ. ಆ ಸಿಟ್ಟಿಗೇ ಇರಬೇಕು, ನಿದ್ದೆ ಬಂದುಬಿಟ್ಟಿತು.

"ತಮಾ, ಕುಮ್ಟಾ ಬಂತು, ಏಳೋ!"

ಚೀಲ ಎಳೆದುಕೊಂಡು ಬಾಗಿಲಿಗೆ ಓಡಿದೆ. ಅಜ್ಜಿ ಹಿಂದಿನಿಂದ ಪುಸ್ತಕ, ಪುಸ್ತಕ ಅನ್ನುತ್ತಿದ್ದರು. ನೀವೇ ಇಟ್ಟುಕೊಳ್ಳಿ, ಓದಿ ಅಂತ ಕೂಗಿದೆ. ಅವರಿಗೆ ಖುಷಿಯೋ ಖುಷಿ. ರೈಲು ಹೊರಟು, ಅವರ ಕಿಟಕಿ ನನ್ನನ್ನು ದಾಟಿ ಹೋದ ಮೇಲೆ ನೆನಪಾಯಿತು, ಕೊನೆಯ ಪುಟಗಳಿಲ್ಲ ಅಂತ ಹೇಳಲೇ ಇಲ್ಲ.