ಚರ್ಚ್‌ಗೆ ಬೀಗ ಬಿದ್ದಾಗ ಮೊದಲು ಬೇಕಾದದ್ದು ಕ್ಯಾಮೆರಾ ಅಲ್ಲ, ಮನೆಗಳ ಪಟ್ಟಿ

2020ರ ಮಾರ್ಚ್ 25, ಯುಗಾದಿ. ಕೊರೊನಾ ಲಾಕ್‌ಡೌನ್‌ನಿಂದ ದೇಶವೆಲ್ಲ ಮನೆಯೊಳಗೆ ಕುಳಿತ ಮೊದಲ ದಿನ. ಕರಾವಳಿಯ ನಮ್ಮ ಚರ್ಚ್‌ನ ಮುಂಬಾಗಿಲಿಗೆ ಬೀಗ ಬಿದ್ದಿತ್ತು. ಸಂಜೆ ಪಾಲನಾ ಮಂಡಳಿಯ ನಾಲ್ಕೈದು ಜನ ಫೋನಿನಲ್ಲೇ ಸಭೆ ಸೇರಿದೆವು. ಭಾನುವಾರದ ಬಲಿಪೂಜೆಯನ್ನು, ಅಂದರೆ ಚರ್ಚ್‌ನ ಮುಖ್ಯ ಆರಾಧನೆಯನ್ನು, ಯೂಟ್ಯೂಬ್‌ನಲ್ಲಿ ತೋರಿಸುವುದು ಹೇಗೆ, ಕ್ಯಾಮೆರಾ ಯಾರದು, ಇಂಟರ್ನೆಟ್ ಯಾರದು ಎಂದು ಮುಕ್ಕಾಲು ಗಂಟೆ ಚರ್ಚಿಸಿದೆವು. ಒಂಟಿಯಾಗಿರುವ ಮುದುಕರು ಎಷ್ಟು ಮಂದಿ ಎಂದು ಯಾರೂ ಕೇಳಲಿಲ್ಲ. ಆ ಪ್ರಶ್ನೆ ಹೊಳೆಯಲು ಎರಡು ವಾರ ಹಿಡಿಯಿತು.

ಇನ್ನೊಮ್ಮೆ ಇಂಥ ದಿನ ಬಂದರೆ ಆ ಎರಡು ವಾರ ನಿಮಗೆ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಮ್ಮದು ಕ್ಯಾಥೊಲಿಕ್ ಧರ್ಮಕೇಂದ್ರವಾದ್ದರಿಂದ ಉದಾಹರಣೆಗಳೆಲ್ಲ ಅಲ್ಲಿನವು. ಮಸೀದಿಯ ಜಮಾತ್, ಊರಿನ ಭಜನಾ ಮಂಡಳಿ, ಮಠದ ಭಕ್ತರ ಬಳಗ, ಎಲ್ಲಿಯೇ ಆದರೂ ಹೆಸರು ಬೇರೆಯಾದೀತು, ಕೆಲಸ ಇದೇ.

ಪಟ್ಟಿ ಬರೆಯಿರಿ

ಮಂಗಳೂರು, ಉಡುಪಿ ಕಡೆಯ ಚರ್ಚ್‌ಗಳಿಗೆ ಒಂದು ಅನುಕೂಲ ಹಿಂದಿನಿಂದಲೇ ಇದೆ. ಊರನ್ನು ವಾಳೆಗಳಾಗಿ ಹಂಚಿರುತ್ತಾರೆ, ಪ್ರತಿ ವಾಳೆಗೂ ಒಬ್ಬ ಗುರಿಕಾರರಿರುತ್ತಾರೆ. ಮಾಮೂಲಿ ದಿನಗಳಲ್ಲಿ ಅವರ ಕೆಲಸವೆಂದರೆ ವಾಳೆಯ ಸಭೆಗೆ ಜನ ಕರೆಯುವುದು, ಹಬ್ಬದ ವಂತಿಗೆ ಎತ್ತುವುದು. ಮನೆಮನೆಯ ನಾಯಿಯ ಹೆಸರು ಗೊತ್ತಿರುವ ವ್ಯಕ್ತಿ ಇವರೇ. ಚರ್ಚ್‌ನ ಕಚೇರಿಯಲ್ಲಿರುವ ಕುಟುಂಬಗಳ ದಾಖಲೆಯಲ್ಲಿ ಜ್ಞಾನಸ್ನಾನ, ಮದುವೆ, ಮರಣದ ದಿನಾಂಕಗಳಿರುತ್ತವೆ. ಇನ್ಸುಲಿನ್ ಯಾರಿಗೆ ಬೇಕು ಎಂಬುದು ಇರುವುದಿಲ್ಲ.

ಆದ್ದರಿಂದ ಹೊಸದೊಂದು ಪುಸ್ತಕ ತೆಗೆಯಿರಿ. ದೊಡ್ಡ ತಂತ್ರಾಂಶವೇನೂ ಬೇಡ, ಇನ್ನೂರು ಪುಟದ ನೋಟ್ ಪುಸ್ತಕ ಸಾಕು. ಮನೆಗೊಂದು ಸಾಲು. ಒಬ್ಬರೇ ಇದ್ದಾರೆಯೇ, ಯಾವ ಔಷಧಿ ನಿಲ್ಲಿಸುವಂತಿಲ್ಲ, ಡಯಾಲಿಸಿಸ್ ಇದೆಯೇ, ದಿನಗೂಲಿಯ ಮನೆಯೇ, ಸ್ಮಾರ್ಟ್‌ಫೋನ್ ಇದೆಯೋ ಬರೀ ಕೀಪ್ಯಾಡ್ ಫೋನೋ, ದುಬೈಯಲ್ಲೋ ಕುವೈತಿನಲ್ಲೋ ಇರುವ ಮಗನ ಸಂಖ್ಯೆ ಯಾವುದು. ಕೊನೆಯ ಕಲಂ ಪಕ್ಕದ ಮನೆಯದು: ರಾತ್ರಿ ಹನ್ನೊಂದಕ್ಕೆ ಕದ ತಟ್ಟಬಲ್ಲವರು ಯಾರು? ನಮ್ಮ ಪುಸ್ತಕದಲ್ಲಿ ಈ ಕಲಮಿನ ಹೆಸರುಗಳಲ್ಲಿ ಅರ್ಧದಷ್ಟು ನಮ್ಮ ಚರ್ಚಿನವರದಲ್ಲ, ಬೇರೆ ದೇವರಿಗೆ ಕೈಮುಗಿಯುವವರದು.

ಒಬ್ಬ ಗುರಿಕಾರರಿಗೆ ಮೂವತ್ತು ಮನೆ ಇದ್ದರೆ ಫೋನ್ ಮಾಡಿ ಪೂರೈಸಲಾಗದು. ಎಂಟು ಮನೆಗೆ ಒಬ್ಬರಂತೆ ಹಂಚಿ. ಕಾಲೇಜು ಮುಚ್ಚಿ ಮನೆಯಲ್ಲಿರುವ ಹುಡುಗ ಹುಡುಗಿಯರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ವಾರಕ್ಕೆ ಎರಡು ಬಾರಿ, ಅದೇ ದಿನ, ಅದೇ ಹೊತ್ತಿಗೆ, ಅದೇ ವ್ಯಕ್ತಿ. ಮಂಗಳವಾರ ಹನ್ನೊಂದಕ್ಕೆ ಫೋನ್ ಬರುತ್ತದೆ ಎಂದು ಗೊತ್ತಾದರೆ ಅಜ್ಜಿ ಹತ್ತೂಮುಕ್ಕಾಲಿಗೆ ಫೋನಿನ ಹತ್ತಿರ ಬಂದು ಕೂರುತ್ತಾರೆ.

ಕೇಳುವ ರೀತಿಯೂ ಮುಖ್ಯ. ‘ಚೆನ್ನಾಗಿದ್ದೀರಾ?’ ಎಂದರೆ ‘ಚೆನ್ನಾಗಿದ್ದೇವೆ’ ಎಂಬ ಉತ್ತರವೇ ಬರುತ್ತದೆ. ನಮ್ಮ ವಾಳೆಯ ಒಬ್ಬ ಹಿರಿಯ ಮಹಿಳೆ ಮೂರು ಸಲ ಹಾಗೆಯೇ ಹೇಳಿದ್ದರು. ನಾಲ್ಕನೆಯ ಸಲ ಫೋನ್ ಮಾಡಿದ ಹುಡುಗಿ, ‘ಮಾತ್ರೆಯ ಹಾಳೆ ಕೈಯಲ್ಲಿ ಹಿಡಿದು ಎಷ್ಟು ಉಳಿದಿದೆ ಎಣಿಸಿ ಹೇಳಿ’ ಎಂದಳು. ಆರು. ದಿನಕ್ಕೆ ಎಷ್ಟು? ಅರ್ಧ. ಡಾಕ್ಟರು ಬರೆದದ್ದು? ಒಂದು. ರಕ್ತದೊತ್ತಡದ ಮಾತ್ರೆಯನ್ನು ಅವರು ಮೆಟ್ಟುಕತ್ತಿಗೆ ಒತ್ತಿ ಎರಡಾಗಿ ಸೀಳಿ, ಒಂದು ಚೂರನ್ನು ನಾಳೆಗೆಂದು ಕಾಗದದಲ್ಲಿ ಸುತ್ತಿಡುತ್ತಿದ್ದರು. ಯಾರಿಗೂ ತೊಂದರೆ ಕೊಡಬಾರದಂತೆ! ಅಂದಿನಿಂದ ನಮ್ಮ ಪ್ರಶ್ನೆಗಳು ಬದಲಾದವು: ಗ್ಯಾಸ್ ಸಿಲಿಂಡರ್ ಯಾವಾಗ ಹಚ್ಚಿದ್ದು? ನಿನ್ನೆ ಮಧ್ಯಾಹ್ನ ಏನು ಪದಾರ್ಥ? ಇಂಥ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ.

ಅಕ್ಕಿಯ ಚೀಲ, ಮುಚ್ಚಿದ ಬಾಯಿ

ದಾನಿಗಳಿಂದ ಬಂದ ಮೊದಲ ಕಿಟ್‌ಗಳನ್ನು ಹೆಮ್ಮೆಯಿಂದ ಹಂಚಿದೆವು. ಒಳಗಿದ್ದದ್ದು ಬೆಳ್ತಿಗೆ, ಅಂದರೆ ಕುದಿಸದ ಬಿಳಿ ಅಕ್ಕಿ. ಜೀವಮಾನವೆಲ್ಲ ಕುಚ್ಚಲಕ್ಕಿಯ ಗಂಜಿ ಉಂಡವರ ಮನೆಗೆ ಹತ್ತು ಕಿಲೋ ಬೆಳ್ತಿಗೆ! ಯಾರೂ ಬೇಡ ಎನ್ನಲಿಲ್ಲ, ಯಾರೂ ಸಂತೋಷಪಡಲೂ ಇಲ್ಲ. ಕಿಟ್ ಕಟ್ಟುವ ಮೊದಲು ನಾಲ್ಕು ಅಡುಗೆಮನೆಗಳಿಗೆ ಫೋನ್ ಮಾಡಿ ಕೇಳಿ. ಒಣಮೀನು, ತೆಂಗಿನೆಣ್ಣೆ, ಮಗುವಿರುವ ಮನೆಗೆ ಹಾಲಿನ ಪುಡಿ, ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡ್. ಇವು ಗಂಡಸರೇ ತುಂಬಿದ ಸಮಿತಿಗೆ ತಾನಾಗಿ ಹೊಳೆಯುವುದಿಲ್ಲ.

ಕೊಡುವಾಗ ಫೋಟೊ ತೆಗೆಯಬೇಡಿ. ಇದರಲ್ಲಿ ರಿಯಾಯಿತಿ ಇಲ್ಲ. ದಾನಿಗೆ ಲೆಕ್ಕ ಬೇಕಿದ್ದರೆ ಅಂಗಡಿಯ ಬಿಲ್ಲು ಕಳುಹಿಸಿ. ಬಹಳಷ್ಟು ಚರ್ಚ್‌ಗಳಲ್ಲಿರುವ ಸಂತ ವಿನ್ಸೆಂಟ್ ಡಿ ಪೌಲ್ ಸಭೆ 1833ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ್ದು, ಆ ನಗರವನ್ನು ಕಾಲರಾ ಹಿಂಡಿ ಹಾಕಿದ ಮರುವರ್ಷ. ಫ್ರೆಡರಿಕ್ ಓಝನಾಂ ಮತ್ತು ಅವನ ಕಾಲೇಜು ಗೆಳೆಯರು ಬಡವರ ಮನೆಗೇ ಹೋಗಿ ಕಾಣುವ ಪದ್ಧತಿ ಹಾಕಿದರು. ಆ ಸಭೆಯವರು ಇಂದಿಗೂ ಇಬ್ಬಿಬ್ಬರಾಗಿ ಹೋಗುತ್ತಾರೆ, ಹೋದ ಮನೆಯ ಸುದ್ದಿಯನ್ನು ಹೊರಗೆ ಆಡುವುದಿಲ್ಲ. ನಿಮ್ಮಲ್ಲಿ ಅವರಿದ್ದರೆ ಹಂಚುವ ಕೆಲಸವನ್ನು ಅವರಿಗೇ ಬಿಡಿ.

ಸೋಂಕಿನ ಸುದ್ದಿಗೂ ಇದೇ ನಿಯಮ. ಯಾರಿಗೆ ಪಾಸಿಟಿವ್ ಬಂತು ಎಂಬುದು ವಾಟ್ಸ್‌ಆ್ಯಪ್ ಗುಂಪಿಗೆ ಬರಲೇಬಾರದು. ಒಮ್ಮೆ ಬಂತೆಂದರೆ ಮುಂದಿನ ಹತ್ತು ಮನೆಯವರು ಜ್ವರವನ್ನೇ ಮುಚ್ಚಿಡುತ್ತಾರೆ. ಆ ಎಂಟು ಮನೆಗಳ ಫೋನಿನವರಿಗೆ, ಗುರಿಕಾರರಿಗೆ, ಧರ್ಮಗುರುಗಳಿಗೆ ಗೊತ್ತಿದ್ದರೆ ಸಾಕು. ವಾಳೆಗೊಂದು ಆಕ್ಸಿಮೀಟರ್ (ರಕ್ತದಲ್ಲಿನ ಆಮ್ಲಜನಕ ಅಳೆಯುವ ಉಪಕರಣ) ಇಡಿ. ಉಗುರಿನ ಬಣ್ಣ, ಮದರಂಗಿ ಇಲ್ಲದ ಬೆರಳು, ಐದು ನಿಮಿಷ ಕುಳಿತು ಸುಧಾರಿಸಿಕೊಂಡ ಮೇಲೆ ಅಳತೆ. 94ಕ್ಕಿಂತ ಕೆಳಗಿದ್ದರೆ ಪ್ರಾರ್ಥನೆ ಆಮೇಲೆ, ಮೊದಲು ವೈದ್ಯರು.

ಈಗ ಕ್ಯಾಮೆರಾ

ಕ್ಯಾಮೆರಾ ಬೇಡವೆಂದಲ್ಲ. 2020ರ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ಜಿನುಗು ಮಳೆಯಲ್ಲಿ, ನರಪಿಳ್ಳೆಯಿಲ್ಲದ, ವ್ಯಾಟಿಕನ್‌ನ ಸಂತ ಪೇತ್ರರ ಚೌಕದಲ್ಲಿ ನಿಂತು ಪ್ರಾರ್ಥಿಸಿದ್ದನ್ನು ನಾವೂ ಮೊಬೈಲಿನಲ್ಲೇ ನೋಡಿದ್ದೆವು. ಆದರೆ ನಮ್ಮ ಮೊದಲ ನೇರಪ್ರಸಾರದಲ್ಲಿ ಧರ್ಮಗುರುಗಳು ಇಡೀ ಪ್ರಬೋಧನೆಯನ್ನು ಅಡ್ಡಲಾಗಿ ಮಲಗಿಕೊಂಡೇ ಕೊಟ್ಟಂತೆ ಕಾಣಿಸಿತು, ಫೋನನ್ನು ಯಾರೋ ತಪ್ಪಾಗಿ ನಿಲ್ಲಿಸಿದ್ದರು. ಒಂದು ಫೋನ್, ಒಂದು ಗಟ್ಟಿ ಸ್ಟ್ಯಾಂಡ್, ಧರ್ಮಗುರುಗಳ ಅಂಗಿಗೆ ಸಿಕ್ಕಿಸುವ ಮೈಕ್. ಚಿತ್ರ ಮಸುಕಾದರೂ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಹಾಡಲು ಒಬ್ಬರೇ ಇರಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯ ಗಾಯನವೃಂದವೊಂದು 2020ರ ಮಾರ್ಚ್ 10ರಂದು ಚರ್ಚೊಂದರಲ್ಲಿ ಎರಡೂವರೆ ಗಂಟೆ ಅಭ್ಯಾಸ ಮಾಡಿತ್ತು. ಬಂದಿದ್ದವರು 61 ಜನ. ಖಚಿತವಾದದ್ದು, ಶಂಕಿತವಾದದ್ದು ಸೇರಿ 53 ಮಂದಿಗೆ ಸೋಂಕು, ಇಬ್ಬರ ಸಾವು. ಬಾಯಿ ತೆರೆದು ಹಾಡುವಾಗ ಉಸಿರು ಎಷ್ಟು ದೂರ ಹೋಗುತ್ತದೆ ಎಂದು ಕಾಯರ್‌ನ ಹುಡುಗರಿಗೆ ಮನವರಿಕೆ ಮಾಡಲು ಈ ಲೆಕ್ಕ ಸಾಕಾಯಿತು.

ಕೀಪ್ಯಾಡ್ ಫೋನಿನವರಿಗೆ ಯೂಟ್ಯೂಬ್ ಇಲ್ಲ. ಅವರಿಗಾಗಿ ಸಂಜೆ ಏಳಕ್ಕೆ ಕಾನ್ಫರೆನ್ಸ್ ಕಾಲ್‌ನಲ್ಲಿ ಜಪಸರ, ಒಂದು ಕರೆಗೆ ಐದಾರು ಮನೆ. ಎಲ್ಲರೂ ಒಟ್ಟಿಗೆ ಉತ್ತರ ಹೇಳಿದರೆ ಗದ್ದಲವಾಗುತ್ತದೆ, ಒಂದೊಂದು ಮನೆಗೆ ಒಂದೊಂದು ಹತ್ತು ಮಣಿ ಎಂದು ಹಂಚಿ. ಏಳಕ್ಕೆ ಸರಿಯಾಗಿ ಚರ್ಚ್‌ನ ಗಂಟೆ ಬಾರಿಸಿ. ಅದಕ್ಕೆ ಇಂಟರ್ನೆಟ್ ಬೇಡ. ಗಂಟೆ ಬಾರಿಸುವವರ ಸಂಬಳ ನಿಲ್ಲದಂತೆಯೂ ನೋಡಿಕೊಳ್ಳಿ. ಭಾನುವಾರದ ಕಾಣಿಕೆ ನಿಂತರೆ ಮೊದಲ ಪೆಟ್ಟು ಬೀಳುವುದು ಅವರಿಗೆ.

ಸಾವು

ಇದು ಎಲ್ಲಕ್ಕಿಂತ ಕಷ್ಟದ ಭಾಗ. ಲಾಕ್‌ಡೌನ್ ನಿಯಮದಲ್ಲಿ ಅಂತ್ಯಸಂಸ್ಕಾರಕ್ಕೆ 20 ಜನರ ಮಿತಿ ಇತ್ತು. ಭಯದಲ್ಲಿ ಜನ ನಿಯಮಕ್ಕಿಂತ ಹೆಚ್ಚು ಬಿಟ್ಟುಕೊಟ್ಟರು. ಮುಖ ನೋಡುವಂತಿಲ್ಲ, ಪ್ರಾರ್ಥನೆಯೂ ಇಲ್ಲ ಎಂದು ತಾವಾಗಿಯೇ ಅಂದುಕೊಂಡರು. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಹಾಗೆ ಹೇಳಿರಲಿಲ್ಲ. ಸಿಬ್ಬಂದಿಯೇ ಶವದ ಚೀಲದ ಮುಖದ ಭಾಗದ ಜಿಪ್ ತೆರೆದು ತೋರಿಸಬಹುದಿತ್ತು. ಧರ್ಮಗ್ರಂಥ ಓದಬಹುದಿತ್ತು, ತೀರ್ಥ ಚಿಮುಕಿಸಬಹುದಿತ್ತು. ದೇಹಕ್ಕೆ ಸ್ನಾನ ಮಾಡಿಸುವುದು, ಅಪ್ಪುವುದು, ಮುತ್ತಿಡುವುದು ಮಾತ್ರ ನಿಷಿದ್ಧ. ಇಂಥ ಸುತ್ತೋಲೆ ಬಂದ ದಿನವೇ ಮುದ್ರಿಸಿ ಇಟ್ಟುಕೊಳ್ಳಿ. ಆಸ್ಪತ್ರೆಯ ಹಿಂಬಾಗಿಲಲ್ಲಿ ವಾದ ಮಾಡಲು ಕಾಗದ ಬೇಕು.

ಹೊರಲು ಆರು ಜನರ ತಂಡ ಮೊದಲೇ ಸಿದ್ಧವಿರಲಿ. ನಲವತ್ತರೊಳಗಿನವರು, ಸಕ್ಕರೆ ಕಾಯಿಲೆ, ಉಬ್ಬಸ ಇಲ್ಲದವರು. ರಕ್ಷಣಾ ಉಡುಪು ತೊಡುವುದಕ್ಕಿಂತ ಕಳಚುವಾಗ ಅಪಾಯ ಹೆಚ್ಚು. ಆರೋಗ್ಯ ಇಲಾಖೆಯವರಿಂದ ಕಲಿತು, ಎರಡು ಸಲ ಅಭ್ಯಾಸ ಮಾಡಿ. ವಿದೇಶದಲ್ಲಿರುವ ಮಕ್ಕಳಿಗೆ ತೋರಿಸಲು ಫೋನ್ ಹಿಡಿಯುವವರು ಈ ಆರು ಜನರ ಹೊರಗಿನವರಾಗಿರಲಿ, ದೂರ ನಿಲ್ಲಲಿ.

2021ರ ಮೇ ತಿಂಗಳಲ್ಲಿ ಒಂದು ದಫನದ ಹೊತ್ತಿಗೆ ಕುವೈತಿನಿಂದ ಮಗ ಕೇಳಿದ್ದು ಒಂದೇ ಪ್ರಶ್ನೆ: ‘ಅಪ್ಪನ ಕೈಯಲ್ಲಿ ಜಪಸರ ಇದೆಯಾ?’ ಇರಲಿಲ್ಲ. ಕೈಯವರೆಗೆ ಚೀಲವನ್ನು ತೆರೆಯುವಂತಿರಲಿಲ್ಲ. ಗುರಿಕಾರರು ತಮ್ಮ ಜೇಬಿನದನ್ನೇ ತೆಗೆದು ಪೆಟ್ಟಿಗೆಯ ಮೇಲೆ ಇಟ್ಟರು. ಮುಂದೆ ಆಸ್ಪತ್ರೆಗೆ ಸೇರಿಸುವಾಗಲೇ ರೋಗಿಯ ಬ್ಯಾಗಿನಲ್ಲಿ ಚಾರ್ಜರ್, ಕನ್ನಡಕ, ಹಲ್ಲಿನ ಸೆಟ್ಟಿನ ಜೊತೆ ಜಪಸರವನ್ನೂ ಹಾಕುವುದು ನಮ್ಮಲ್ಲಿ ರೂಢಿಯಾಯಿತು.

ಸಾವಿನ ಮನೆಗೆ ಏಳನೆಯ ದಿನ, ಮೂವತ್ತನೆಯ ದಿನ ಫೋನ್ ಮಾಡಲು ಪಟ್ಟಿಯಲ್ಲೇ ದಿನಾಂಕ ಬರೆದಿಡಿ. ವರ್ಷದ ದಿನವನ್ನೂ.

ಬಾಗಿಲು ತೆರೆದ ಮೇಲೆ

ರಾಜ್ಯದಲ್ಲಿ 2020ರ ಜೂನ್ 8ರಿಂದ ಆರಾಧನಾ ಸ್ಥಳಗಳಿಗೆ ಅನುಮತಿ ಸಿಕ್ಕಿತು. ಕಿಟಕಿಗಳನ್ನೆಲ್ಲ ತೆರೆಯುವುದು, ತೀರ್ಥದ ಬಟ್ಟಲು ಖಾಲಿ ಮಾಡುವುದು, ಹಾಡಿನ ಪುಸ್ತಕ ತೆಗೆಯುವುದು, ವಾಳೆವಾರು ಸರದಿ, ಇವೆಲ್ಲ ಸರ್ಕಾರ ಹೇಳಿಯೇ ಹೇಳುತ್ತದೆ. ನೀವು ಗಮನಿಸಬೇಕಾದದ್ದು ಬಾರದವರನ್ನು. ಅರವತ್ತೈದು ದಾಟಿದವರು ಮನೆಯಲ್ಲೇ ಉಳಿದರು, ಊರು ಮಾತ್ರ ಎಲ್ಲ ಮುಗಿಯಿತೆಂದು ಅವರಿಗೆ ಫೋನ್ ಮಾಡುವುದನ್ನು ನಿಲ್ಲಿಸಿತು. ನಾವೂ ನಿಲ್ಲಿಸಿದ್ದೆವು. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ (ಮಾತೆ ಮರಿಯಳ ಜನ್ಮದಿನದ, ಹೊಸ ತೆನೆಯ ಹಬ್ಬಕ್ಕೆ) ಮೆರವಣಿಗೆ ಇರಲಿಲ್ಲ. ಆಶೀರ್ವದಿಸಿದ ಹೊಸ ತೆನೆಯನ್ನು ಗುರಿಕಾರರು ಮನೆಮನೆಗೆ ಒಯ್ದಾಗ ಕೆಲವು ಮನೆಗಳಲ್ಲಿ ಅವರನ್ನು ಗೇಟಿನಲ್ಲೇ ಅರ್ಧ ಗಂಟೆ ನಿಲ್ಲಿಸಿ ಮಾತನಾಡಿದರಂತೆ. ಮರುವಾರದಿಂದ ಫೋನ್ ಮತ್ತೆ ಶುರುವಾಯಿತು. 2021ರಲ್ಲಿ ಲಸಿಕೆಗೆ ಕೋವಿನ್‌ನಲ್ಲಿ ಹೆಸರು ಹಚ್ಚುವಾಗ ಅದೇ ಪುಸ್ತಕ ಕೈಗೆ ಬಂತು.

ಆ ಪುಸ್ತಕ ಈಗಲೂ ಇದೆ. ಪ್ರತಿ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಕುಳಿತು ತಿದ್ದುತ್ತೇವೆ. ಮೆಟ್ಟುಕತ್ತಿಯ ಅಜ್ಜಿಯ ಸಾಲಿನಲ್ಲಿ ಔಷಧಿಯ ಅಂಗಡಿಯ ಸಂಖ್ಯೆ ಸೇರಿದೆ, ಪಕ್ಕದ ಮನೆಯವರ ಹೆಸರು ಬದಲಾಗಿದೆ. ಫೋನ್ ಮಾಡುತ್ತಿದ್ದ ಹುಡುಗಿ ಮದುವೆಯಾಗಿ ಹೋದ ಮೇಲೆ ಮಂಗಳವಾರ ಹನ್ನೊಂದು ಗಂಟೆಯ ಸರದಿ ಅವಳ ತಮ್ಮನದು.