ವರ್ಚುವಲ್‌ಬಾಕ್ಸ್: ಹೋಸ್ಟ್‌ನಿಂದ ಗೆಸ್ಟ್‌ಗೆ ಸಂಪರ್ಕ ಸಿಗದಿದ್ದರೆ
ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದಲ್ಲಿ ಓಡುವ ವರ್ಚುವಲ್ ಯಂತ್ರದೊಳಗೆ (ಗೆಸ್ಟ್) ಇಂಟರ್ನೆಟ್ ಸರಾಗವಾಗಿ ಬರುತ್ತಿದ್ದು, ನಿಮ್ಮ ಕಂಪ್ಯೂಟರಿನಿಂದ (ಹೋಸ್ಟ್) ಅದಕ್ಕೆ ಸಂಪರ್ಕ ಮಾತ್ರ ಸಿಗದಿದ್ದರೆ, ಅದರ ಮೊದಲ ಅಡಾಪ್ಟರನ್ನು (ಜಾಲ ಕಾರ್ಡ್) ನ್ಯಾಟ್, ಅಂದರೆ ಹೋಸ್ಟ್‌ನ ಮೂಲಕ ಇಂಟರ್ನೆಟ್ ಕೊಡುವ ವಿಧಾನ, ಆಗಿಯೇ ಬಿಡಿ. ಯಂತ್ರವನ್ನು ಆಫ್ ಮಾಡಿ, ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಎರಡನೇ ಅಡಾಪ್ಟರನ್ನು ಹೋಸ್ಟ್-ಓನ್ಲಿ ಎಂದು ಸೇರಿಸಿ. ನ್ಯಾಟ್‌ನಲ್ಲಿ ಗೆಸ್ಟ್‌ಗೆ ಸಿಗುವ 10.0.2.15 ಎಂಬ ವಿಳಾಸ ಹೊರಗಿನವರಿಗೆ ಕಾಣುವುದೇ ಇಲ್ಲ: ಒಳಗಿನಿಂದ ಕೋರಿಕೆ ಹೊರಗೆ ಹೋಗುತ್ತದೆ, ಹೊರಗಿನಿಂದ ತಾನಾಗಿ ಯಾವುದೂ ಒಳಗೆ ಬರುವುದಿಲ್ಲ. ಹೋಸ್ಟ್-ಓನ್ಲಿ ಎರಡೂ ಕಡೆಯವರನ್ನು ಒಂದೇ ಜಾಲದಲ್ಲಿ ಕೂರಿಸುತ್ತದೆ. ಸಾಮಾನ್ಯವಾಗಿ ಹೋಸ್ಟ್‌ಗೆ 192.168.56.1, ಗೆಸ್ಟ್‌ಗೆ ಅದೇ ಸಾಲಿನ ಇನ್ನೊಂದು ವಿಳಾಸ. ಗೆಸ್ಟನ್ನು ನೇರವಾಗಿ ನಿಮ್ಮ ವೈಫೈ ಜಾಲಕ್ಕೇ ಸೇರಿಸುವ ಬ್ರಿಡ್ಜ್ಡ್‌ಗಿಂತ ನನಗೆ ಇದೇ ಮೇಲು, ಏಕೆಂದರೆ ವೈಫೈ ಬದಲಾದರೂ ಈ ಜಾಲ ಬದಲಾಗುವುದಿಲ್ಲ. ಕೈಕೊಡುವ ಸಂದರ್ಭಗಳೂ ಇವೆ. ಉಬುಂಟು ಸರ್ವರ್‌ನಲ್ಲಿ ಆಮೇಲೆ ಸೇರಿಸಿದ ಅಡಾಪ್ಟರ್ ತಾನಾಗಿ ವಿಳಾಸ ಪಡೆಯುವುದಿಲ್ಲ, ಜಾಲದ ಸೆಟ್ಟಿಂಗ್ಸ್ ಇರುವ ನೆಟ್‌ಪ್ಲಾನ್ ಕಡತದಲ್ಲಿ ಅದಕ್ಕೂ ಡಿಎಚ್‌ಸಿಪಿ (ತಾನಾಗಿ ವಿಳಾಸ ಪಡೆಯುವ ವ್ಯವಸ್ಥೆ) ಎಂದು ಬರೆಯಬೇಕು. ಗೆಸ್ಟ್ ವಿಂಡೋಸ್ ಆಗಿದ್ದರೆ ಅದರ ಫೈರ್‌ವಾಲ್ ಪಿಂಗ್ (ಸಂಪರ್ಕ ಇದೆಯೇ ಎಂದು ನೋಡುವ ಸಂದೇಶ) ಅನ್ನು ತಡೆಯುವುದು ಸಾಮಾನ್ಯ, ಆದ್ದರಿಂದ ಪಿಂಗ್ ಬಾರದ ಮಾತ್ರಕ್ಕೆ ಜಾಲ ಕೆಟ್ಟಿದೆ ಎಂದುಕೊಳ್ಳಬೇಡಿ, ನಿಮಗೆ ಬೇಕಾದ ಪೋರ್ಟನ್ನೇ (ಆ ಸೇವೆಯ ಬಾಗಿಲ ಸಂಖ್ಯೆ) ಪರೀಕ್ಷಿಸಿ. ಪಿಂಗ್ ಬಂದರೂ ವೆಬ್ ಪುಟ ತೆರೆಯದಿದ್ದರೆ ಗೆಸ್ಟ್‌ನ ಸರ್ವರ್ 127.0.0.1ರಲ್ಲಿ (ಗೆಸ್ಟ್‌ನ ಒಳಗಿನವರಿಗೆ ಮಾತ್ರ ಸಿಗುವ ವಿಳಾಸ) ಮಾತ್ರ ಕಿವಿಗೊಟ್ಟಿದೆಯೇ ನೋಡಿ; ಹಾಗಿದ್ದರೆ 0.0.0.0 (ಎಲ್ಲ ವಿಳಾಸಗಳಲ್ಲೂ) ಎಂದು ಬದಲಿಸಿ. ಗೆಸ್ಟ್‌ಗೆ ಹೊರಗಿನಿಂದ ಆಜ್ಞೆ ಕೊಡುವ ಎಸ್‌ಎಸ್‌ಎಚ್ ಒಂದೇ ಸಾಕು ಎನ್ನುವವರಿಗೆ ಇದಿಷ್ಟೂ ಬೇಡ, ನ್ಯಾಟ್‌ನಲ್ಲೇ ಪೋರ್ಟ್ ಫಾರ್ವರ್ಡಿಂಗ್‌ಗೆ ಹೋಗಿ ಹೋಸ್ಟ್‌ನ 2222 ಅನ್ನು ಗೆಸ್ಟ್‌ನ 22ಕ್ಕೆ ಜೋಡಿಸಿ.